ರೈಲು ಬಾರದ ಊರಿನ ಹಳಿ

ಈ ಬೀಳ್ಕೊಡುವ ಸಮಾರಂಭದ ಅಧ್ಯಕ್ಷತೆ ವಹಿಸಿರುವ, ನಮ್ಮ ಶಾಲಾ ಬೆಟರ್‌ಮೆಂಟ್ ಕಮಿಟಿಯ ದೊಡ್ಡಬಸಪ್ಪನವರೇ, ಈ ಬಿಸಿಲಿನಲ್ಲಿ ಜೀಪಿನಲ್ಲಿ ಬಂದು, ಹಾಕಿದ ಹಾರವನ್ನು ತೆಗೆಯಬೇಕೋ ಬಿಡಬೇಕೋ ತಿಳಿಯದೆ ಕುಳಿತಿರುವ ಮುಖ್ಯ ಅತಿಥಿಗಳಾದ ಶಿಕ್ಷಣಾಧಿಕಾರಿಗಳೇ, ಮುಖ್ಯೋಪಾಧ್ಯಾಯರೇ, ಬಡ್ತಿ ಪಡೆದು ಲಿಂಗಸುಗೂರಿಗೆ ಹೊರಟು ನಿಂತಿರುವ ನಮ್ಮ ಶಿಕ್ಷಕಿ ಜುಬೇದಾಬೀ ಅಕ್ಕೋರೇ, ಶಾಲೆಗೆ ಕರೆಂಟಿನ ಗಂಟೆಯನ್ನು ದಾನವಾಗಿ ಕೊಟ್ಟಿರುವ ಮಹನೀಯರೇ, ಸಿಂಧನೂರಿನ ಸಮಸ್ತ ಸಭಿಕರೇ, ತಾಯಂದಿರೇ, ಮುಂದಿನ ಸಾಲಿನಲ್ಲಿ ಕುಳಿತು ನನ್ನನ್ನು ನೋಡಿ ಮುಸಿಮುಸಿ ನಗುತ್ತಿರುವ ಮಕ್ಕಳೇ,

ದಾನಿಗಳ ಹೆಸರು ಬಿಟ್ಟೆನೆಂದು ಯಾರೂ ತಪ್ಪು ತಿಳಿಯಬಾರದು. ಆ ಮಹನೀಯರು ನನ್ನ ಯಜಮಾನರು. ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹೇಳಬೇಕಾದರೆ ಪ್ರಾಸ ಹಾಕಿ ಒಡಪು ಕಟ್ಟಬೇಕು, ಸುತ್ತ ನಾಲ್ಕು ಮಂದಿ ಹೆಣ್ಣುಮಕ್ಕಳು ನಿಂತು ಕಾಡಬೇಕು, ಹೇಳಿದ ಮೇಲೆ ಬಾಯಿಗೆ ಸಕ್ಕರೆ ಹಾಕಬೇಕು. ಮೈಕಿನ ಮುಂದೆ ಅದಕ್ಕೆಲ್ಲ ಫುರಸತ್ತಿಲ್ಲ. ನಿಮ್ಮ ಕೈಯಲ್ಲಿರುವ ಆಮಂತ್ರಣ ಪತ್ರಿಕೆಯಲ್ಲಿ ಅವರ ಹೆಸರು ದಪ್ಪ ಅಕ್ಷರದಲ್ಲಿ ಅಚ್ಚಾಗಿದೆ, ದಯವಿಟ್ಟು ಅಲ್ಲಿ ಓದಿಕೊಳ್ಳಿ. ಮದುವೆಯ ದಿನ ಒಡಪಿನಲ್ಲಿ ಹೇಳಿದ್ದು ಬಿಟ್ಟರೆ ಇಂದಿನವರೆಗೆ ಆ ಹೆಸರು ನನ್ನ ನಾಲಿಗೆಯ ಮೇಲೆ ಬಂದಿಲ್ಲ.

ಹೆಡ್‌ಮಾಸ್ತರು ನನಗೆ ಮೊದಲೇ ಹೇಳಿದ್ದಾರೆ: ‘‘ಪಾಲಕರ ಪರವಾಗಿ ನೀವ್ ಎರಡು ಮಾತು ಆಡ್ರಿ ಅಮ್ಮಾರ. ಅಕ್ಕೋರ ಬಗ್ಗೆ ಛಲೋ ಮಾತು ಆಡ್ರಿ, ಐದಕ್ಕ ಮುಗಿಸ್ರಿ. ಸಾಹೇಬ್ರು ಸರೀ ಐದಕ್ಕ ಹೊಸಾ ಗಂಟಿ ಬಾರಸ್ತಾರ.’’ ಆಗಲಿ. ಗಡಿಯಾರ ನಿಮ್ಮ ಬೆನ್ನಿನ ಹಿಂದಿನ ಗೋಡೆಯ ಮೇಲಿದೆ. ನಿಮಗೆ ಕಾಣುವುದಿಲ್ಲ, ನನಗೆ ಕಾಣುತ್ತದೆ. ನನ್ನ ಹಾಗೆಯೇ ಅದನ್ನು ನೋಡುತ್ತಿರುವವಳು ಇನ್ನೊಬ್ಬಳಿದ್ದಾಳೆ. ಅಲ್ಲಿ, ಪಕ್ಕದ ಬಾಗಿಲ ಬಳಿ, ಜವಾನ ಗದ್ದೆಪ್ಪನ ಮಗ್ಗುಲಲ್ಲಿ, ಹಸಿರು ರೇಷ್ಮೆ ಲಂಗ ಉಟ್ಟು, ತೊಡೆಯ ಮೇಲೆ ಕಬ್ಬಿಣದ ಸರಳು ಇಟ್ಟುಕೊಂಡು, ಕತ್ತು ತಿರುಗಿಸಿ ಗೋಡೆ ನೋಡುತ್ತ ಕುಳಿತಿದ್ದಾಳಲ್ಲ, ಅವಳು ನನ್ನ ಮಗಳು ನೀಲಗಂಗಾ. ಮನೆಯಲ್ಲಿ ನೀಲವ್ವ ಎನ್ನುತ್ತೇವೆ. ಈ ಶಾಲೆಯ ಗಂಟೆ ಬಾರಿಸುವವಳು ಅವಳೇ. ಬಾರಿಸುತ್ತಿದ್ದವಳು ಎನ್ನಬೇಕಿತ್ತು. ಬಾಯಿ ಇನ್ನೂ ಹೊಂದಿಕೊಂಡಿಲ್ಲ, ಕ್ಷಮಿಸಿ.

ಸಭಿಕರೇ, ನಾನು ಲಿಂಗಸುಗೂರಿನಲ್ಲಿ ಎಸ್ಸೆಸ್ಸೆಲ್ಸಿ ಓದುವಾಗ ಭಾಷಣ ಸ್ಪರ್ಧೆಗಳಲ್ಲಿ ಬಹುಮಾನ ಪಡೆದವಳು. ಮಾತು ಬೆಳ್ಳಿ, ಮೌನ ಬಂಗಾರ ಎಂಬ ವಿಷಯದ ಮೇಲೆ ಬಡಬಡನೆ ಮಾತಾಡಿ, ಮೌನವೇ ದೊಡ್ಡದೆಂದು ಸಾಧಿಸಿ, ಒಂದು ಸ್ಟೀಲಿನ ಡಬ್ಬಿ ಗೆದ್ದಿದ್ದೆ. ಆ ಶಿವ ಎಲ್ಲೋ ಕುಳಿತು ಕೇಳಿಸಿಕೊಂಡಿರಬೇಕು. ಈಕೆ ಇಷ್ಟು ಆಸೆಪಡುತ್ತಾಳಲ್ಲ ಎಂದು ಒಂದು ಮೌನವನ್ನೇ ನನ್ನ ಉಡಿಯಲ್ಲಿ ಹಾಕಿದ. ಮದುವೆಯಾದ ಮೇಲೆ ಮೈಕಿನ ಮುಂದೆ ನಿಂತದ್ದು ಇದೇ ಮೊದಲು. ಎಲ್ಲಿಯಾದರೂ ಎಡವಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ನೀಲವ್ವ ಹುಟ್ಟಿದ್ದು ಎಂಬತ್ತೆರಡರಲ್ಲಿ. ಬೆಳ್ಳಗೆ, ದುಂಡಗೆ, ನೋಡಿದವರು ಎತ್ತಿಕೊಳ್ಳುವಂಥ ಕೂಸು. ಎತ್ತಿಕೊಂಡರೆ ಮಾತ್ರ ಬೆನ್ನು ಬಿಲ್ಲಿನ ಹಾಗೆ ಬಾಗಿಸಿ ಚೀರುತ್ತಿದ್ದಳು. ಹೆಸರು ಹಿಡಿದು ಕೂಗಿದರೆ ತಿರುಗುತ್ತಿರಲಿಲ್ಲ. ಪಾತ್ರೆಯ ಮುಚ್ಚಳವನ್ನು ನೆಲದ ಮೇಲೆ ತಿರುಗಿಸಿ ಬಿಟ್ಟು, ಅದು ಗಿರಗಿರ ತಿರುಗಿ ನಿಲ್ಲುವವರೆಗೆ ನೆಲಕ್ಕೆ ಕಿವಿ ಇಟ್ಟು ಮಲಗುತ್ತಿದ್ದಳು. ನಿಂತ ಮೇಲೆ ಮತ್ತೆ ತಿರುಗಿಸುತ್ತಿದ್ದಳು. ‘‘ಬಿಡಬೇ, ಅವರಪ್ಪನೂ ತಡಾ ಮಾಡೇ ಮಾತಾಡ್ಯಾನ’’ ಎಂದು ನನ್ನ ಅತ್ತೆ ಶಿವಬಸಮ್ಮನವರು ಧೈರ್ಯ ಹೇಳುತ್ತಿದ್ದರು. ಅವರಪ್ಪ ತಡವಾಗಿ ಕಲಿತ ಮಾತನ್ನು ಇಂದಿಗೂ ಮನೆಯಲ್ಲಿ ಬಹಳ ಖರ್ಚು ಮಾಡುವುದಿಲ್ಲ, ಅದು ಬೇರೆ ವಿಷಯ.

ಮಗು ಮಾತಾಡಲಿಲ್ಲ ಎಂದರೆ ನಮ್ಮ ಸೀಮೆಯ ಹೆಣ್ಣುಮಕ್ಕಳು ಏನೇನು ಮಾಡುತ್ತಾರೆ, ಇಲ್ಲಿ ಕುಳಿತ ತಾಯಂದಿರಿಗೆ ನಾನು ಹೇಳಬೇಕೇ? ಬಜೆ ತೇಯ್ದು ನಾಲಿಗೆಗೆ ಹಚ್ಚಿದೆವು. ಗಿಳಿ ಕಚ್ಚಿದ ಹಣ್ಣು ತಿನ್ನಿಸಿದೆವು. ಕೊನೆಗೆ ಗುಡಿಯ ಗಂಟೆಯಲ್ಲಿ ನೀರು ಕುಡಿಸಿದರೆ ಮಾತು ಬರುತ್ತದೆ ಎಂದರು. ಮಸ್ಕಿಯ ಮಲ್ಲಯ್ಯನ ಗುಡ್ಡಕ್ಕೆ ಸೋಮವಾರ ತಪ್ಪದಂತೆ ಹೋದೆವು. ಮಗಳು ಮೆಟ್ಟಿಲು ಹತ್ತುವುದಿಲ್ಲ ಎಂದು ಜಿದ್ದು ಹಿಡಿದರೆ ನಮ್ಮ ಯಜಮಾನರು ಹೆಗಲ ಮೇಲೆ ಕೂಡಿಸಿಕೊಂಡು ಹತ್ತುತ್ತಿದ್ದರು. ಗಂಜ್‌ನಲ್ಲಿ ಹತ್ತಿಯ ವ್ಯಾಪಾರ ಮಾಡುವ ಸಾಹುಕಾರರು, ತಲೆಯ ಮೇಲಿನ ರುಮಾಲು ಮಗಳ ಕೈಯಲ್ಲಿ, ಕೂದಲೆಲ್ಲ ಅವಳ ಮುಷ್ಟಿಯಲ್ಲಿ. ಒಂದು ದಿನವೂ ಆ ಮನುಷ್ಯ ಬೇಸರಪಟ್ಟಿಲ್ಲ. ಇದನ್ನು ನೀವು ನೆನಪಿನಲ್ಲಿ ಇಟ್ಟುಕೊಳ್ಳಬೇಕು, ಏಕೆಂದರೆ ಮುಂದೆ ನಾನು ಅವರ ಮೇಲೆ ಸಿಟ್ಟು ಮಾಡುವವಳಿದ್ದೇನೆ.

ಪೂಜಾರಿಯವರು ಕೈಗಂಟೆಯನ್ನು ಬಾರಿಸಿ, ಅದನ್ನು ಬಾಯಿ ಮೇಲಾಗಿ ಹಿಡಿದು, ಅದರೊಳಗೆ ನೀರು ತುಂಬಿ ಕೊಡುತ್ತಿದ್ದರು. ನೀಲವ್ವ ಏನು ಮಾಡುತ್ತಿದ್ದಳು ಗೊತ್ತೇ? ಗಂಟೆಯನ್ನು ಕಸಿದುಕೊಂಡು ನೀರು ಚೆಲ್ಲಿ ಕಿವಿಗೆ ಒತ್ತಿಕೊಳ್ಳುತ್ತಿದ್ದಳು. ಒತ್ತಿಕೊಂಡು ನಗುತ್ತಿದ್ದಳು. ಮನೆಯಲ್ಲಿ ಯಾರ ಮುಖ ನೋಡಿಯೂ ನಗದ ಕೂಸು ಅಲ್ಲಿ ಹಲ್ಲೆಲ್ಲ ಕಾಣಿಸುವಂತೆ ನಗುತ್ತಿತ್ತು. ನಾವು ಏನು ಮಾಡುತ್ತಿದ್ದೆವು? ನೀರು ಚೆಲ್ಲಿ ಅಪಶಕುನ ಮಾಡಿದಳು ಎಂದು ಬೈದು, ಗಂಟೆ ಬಿಡಿಸಿಕೊಂಡು, ಮತ್ತೆ ನೀರು ತುಂಬಿಸಿ, ಒಬ್ಬರು ತಲೆ ಹಿಡಿದು ಒಬ್ಬರು ಮೂಗು ಹಿಡಿದು ಗುಟುಕು ಗುಟುಕಾಗಿ ಕುಡಿಸುತ್ತಿದ್ದೆವು. ಒಂದು ವರ್ಷವೆಲ್ಲ ಹೀಗೆಯೇ ನಡೆಯಿತು. ಗಂಟೆ ಮಗಳ ಕಣ್ಣೆದುರಿಗೇ ಇತ್ತು, ನಾವು ನೀರಿನ ಹಿಂದೆ ಬಿದ್ದಿದ್ದೆವು.

ಆಮೇಲೆ ಹೈದರಾಬಾದಿಗೆ ಕರೆದುಕೊಂಡು ಹೋದೆವು. ದೊಡ್ಡ ಡಾಕ್ಟರು ನೋಡಿ, ಆಟಿಸಂ ಎಂದರು. ಆ ಶಬ್ದವನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ, ಆ ಮೇಲೆಯೂ ಸಿಂಧನೂರಿನಲ್ಲಿ ಯಾರ ಬಾಯಲ್ಲಿಯೂ ಕೇಳಿಲ್ಲ. ಇದು ಜ್ವರದ ಹಾಗೆ ಬಿಡುವಂಥದ್ದಲ್ಲ, ಮೆದುಳು ಬೆಳೆದ ರೀತಿಯೇ ಬೇರೆ ಎಂದರು. ಮಾತಾಡುವುದು ಕಷ್ಟ, ಓದುವುದು ಕಷ್ಟ, ನಾಲ್ಕು ಜನರಲ್ಲಿ ಬೆರೆಯುವುದು ಕಷ್ಟ ಎಂದರು. ಹಾಗಾದರೆ ಸುಲಭ ಯಾವುದು ಎಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಬಸ್ಸಿನಲ್ಲಿ ರಾಯಚೂರು ಬರುವವರೆಗೆ ಮಗಳು ಕಿಟಕಿಯ ಸರಳಿಗೆ ಕಿವಿ ಹಚ್ಚಿಕೊಂಡು ಸುಖವಾಗಿದ್ದಳು.

ಆಮೇಲಿನ ವರ್ಷಗಳನ್ನು ಹೇಳುವುದು ಬೇಡ. ಬೀಗರು, ನೆಂಟರು ಬಂದರೆ ಹಿಂದಿನ ಕೋಣೆಯ ಚಿಲಕ ಹಾಕುತ್ತಿದ್ದೆವು ಎಂದಷ್ಟು ಹೇಳಿದರೆ ಸಾಕು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಮುದ್ದೇನೋ ಇತ್ತು, ಆದರೆ ಚಿಲಕದ ಒಳಗೆ ಇತ್ತು.

ಈಗ ಅಕ್ಕೋರ ವಿಷಯಕ್ಕೆ ಬರುತ್ತೇನೆ. ಹೆಡ್‌ಮಾಸ್ತರು ಗಡಿಯಾರ ನೋಡುತ್ತಿದ್ದಾರೆ, ಗಾಬರಿಯಾಗಬೇಡಿ ಸರ್, ಹಾದಿಗೆ ಬಂದೆ.

ಜುಬೇದಾಬೀಯವರು ನಮ್ಮ ಓಣಿಯ ಈ ಶಾಲೆಗೆ ಬಂದ ಹೊಸದರಲ್ಲಿ, ಶಾಲೆಗೆ ಹೋಗದ ಮಕ್ಕಳನ್ನು ಗುರುತು ಹಾಕಿಕೊಳ್ಳಲು ಮನೆಮನೆಗೆ ತಿರುಗುತ್ತಿದ್ದರು. ನಮ್ಮ ಮನೆಯ ಪಡಸಾಲೆಯಲ್ಲಿ ನಿಂತು ಕೇಳಿದಾಗ ನಮ್ಮ ಅತ್ತೆ, ‘‘ಒಂದು ಹೆಣ್ಣು ಐತ್ರಿ, ಆದ್ರ ಅದು ಸಾಲಿಗೆ ಬರೋ ಕೂಸಲ್ಲ. ಅದಕ್ಕ ಏನೂ ಬರಂಗಿಲ್ಲ’’ ಎಂದರು.

‘‘ಬರಲಾರದ್ದು ಆಮ್ಯಾಲೆ ಹೇಳ್ರಿ ಅಮ್ಮಾ. ಆಕಿಗೆ ಏನಂದ್ರ ಖುಷಿ?’’

ಸಭಿಕರೇ, ಆ ಪ್ರಶ್ನೆಯನ್ನು ನಮಗೆ ಅದುವರೆಗೆ ಯಾರೂ ಕೇಳಿರಲಿಲ್ಲ. ಮಾತು ಬಂತೇನು ಎಂದು ಕೇಳಿದ್ದರು. ಯಾರ ದೃಷ್ಟಿ ಬಿತ್ತು ಎಂದು ಕೇಳಿದ್ದರು. ಗರ್ಭಿಣಿಯಿದ್ದಾಗ ಗ್ರಹಣ ನೋಡಿದ್ದೆಯೇನು ಎಂದೂ ಕೇಳಿದ್ದರು. ಆಕೆಗೆ ಏನೆಂದರೆ ಖುಷಿ? ಹೆತ್ತ ತಾಯಿ ನಾನು ಹಿಂದಿನ ಕೋಣೆಯ ಚಿಲಕದ ಕಡೆ ನೋಡಿದೆ. ಆಮೇಲೆ ನನಗೇ ನಾಚಿಕೆಯಾಗುವಂತೆ, ‘‘ಕೊಡದ ಬಾಯಿಗೆ ಕಿವಿ ಇಡ್ತಾಳ್ರಿ’’ ಎಂದೆ.

ಅಕ್ಕೋರು ನಗಲಿಲ್ಲ. ಕೊಡ ತರಿಸಿದರು. ಚಿಲಕ ತೆಗೆಸಿದರು. ಮಗಳ ಹತ್ತಿರ ಹೋಗಲಿಲ್ಲ, ಹೆಸರು ಹಿಡಿದು ಕೂಗಲಿಲ್ಲ, ಬಾ ಪುಟ್ಟಿ ಎಂದು ಕೈ ಚಾಚಲಿಲ್ಲ. ನೆಲದ ಮೇಲೆ ಕುಳಿತು, ಬೆರಳಿನ ಉಂಗುರದಿಂದ ಹಿತ್ತಾಳೆ ಕೊಡವನ್ನು ಒಮ್ಮೆ ತಟ್ಟಿ ಸುಮ್ಮನಾದರು. ಸದ್ದು ಪೂರ್ತಿ ಅಡಗಿದ ಮೇಲೆ ಇನ್ನೊಮ್ಮೆ ತಟ್ಟಿದರು. ನೀಲವ್ವ ಗೋಡೆ ಹಿಡಿದುಕೊಂಡು ಬಂದು, ಆ ಗುರುತಿಲ್ಲದ ಹೆಣ್ಣುಮಗಳ ತೊಡೆಗೆ ತೊಡೆ ತಾಗಿಸಿ ಕುಳಿತು, ಕೊಡಕ್ಕೆ ಕಿವಿ ಇಟ್ಟಳು. ನಮ್ಮ ಅತ್ತೆ ಅಡುಗೆಮನೆಗೆ ಹೋಗಿ ಅತ್ತರು. ನಾನು ಅಲ್ಲಿಯೇ ನಿಂತು ಅತ್ತೆ.

ನಮ್ಮ ಸಿಂಧನೂರಿಗೆ ರೈಲು ಬಂದಿಲ್ಲ. ಬರುತ್ತದೆ ಎಂದು ಪ್ರತಿ ಚುನಾವಣೆಯಲ್ಲಿಯೂ ಹೇಳುತ್ತಾರೆ. ರೈಲು ಬಾರದಿದ್ದರೂ ಯಾವ ಪುಣ್ಯಾತ್ಮನೋ ಹಳಿಯ ಒಂದು ತುಂಡನ್ನು ತಂದು ಈ ಶಾಲೆಯ ಬೇವಿನ ಗಿಡಕ್ಕೆ ತಂತಿ ಬಿಗಿದು ನೇತುಹಾಕಿದ್ದ. ಅದೇ ನಮ್ಮ ಗಂಟೆ. ಗದ್ದೆಪ್ಪ ಅದನ್ನು ಬಾರಿಸುತ್ತಿದ್ದ. ಯಾವಾಗ ಬಾರಿಸುತ್ತಿದ್ದ ಎಂಬುದು ಚಹಾದ ಅಂಗಡಿಯಲ್ಲಿ ಎಷ್ಟು ಹೊತ್ತು ಮಾತು ನಡೆಯುತ್ತದೆ ಎಂಬುದರ ಮೇಲೆ ಇರುತ್ತಿತ್ತು. ನಗಬೇಡ ಗದ್ದೆಪ್ಪ, ನಿಜ ಹೇಳುತ್ತಿದ್ದೇನೆ.

ಅಕ್ಕೋರು ನೀಲವ್ವನನ್ನು ಮೊದಲು ತರಗತಿಯೊಳಗೆ ಕರೆದುಕೊಂಡು ಹೋಗಲೇ ಇಲ್ಲ. ಆ ಬೇವಿನ ಗಿಡದ ಕೆಳಗೆ ಚಾಪೆ ಹಾಸಿದರು. ಗದ್ದೆಪ್ಪ ಬಡಿದು ಹೋದ ಮೇಲೆ ಇವಳು ಎದ್ದು ಹಳಿಗೆ ಕೆನ್ನೆ ಕೊಟ್ಟು ನಿಲ್ಲುತ್ತಿದ್ದಳು. ಕೆಲವು ದಿನ ಅಷ್ಟೇ. ಆಮೇಲೆ ಸರಳು ಇವಳ ಕೈಗೆ ಬಂತು. ಒಂದು ಏಟು, ಎರಡು ಏಟು, ಏಟಿಗೊಂದು ಹುಣಿಸೆ ಬೀಜ. ಬೀಜದಿಂದ ಅಂಕಿ, ಅಂಕಿಯಿಂದ ಗಡಿಯಾರದ ಮುಖ. ಗಡಿಯಾರ ತಿಳಿದ ಮೇಲೆ ಕಾಯುವುದನ್ನು ಕಲಿತಳು. ನೀಲವ್ವ ಕಾಯಲು ಕಲಿತಳು ಎಂದರೆ ನಿಮಗೆ ಏನೂ ಅನ್ನಿಸುವುದಿಲ್ಲ. ಅದುವರೆಗೆ ರೊಟ್ಟಿ ತಡವಾದರೆ ಗೋಡೆಗೆ ಹಣೆ ಜಜ್ಜಿಕೊಳ್ಳುತ್ತಿದ್ದಳು. ಆ ಗಾಯಗಳನ್ನು ತೊಳೆದವಳಿಗೆ ಗೊತ್ತು ಅದು ಎಂಥ ವಿದ್ಯೆ ಎಂದು.

ಮಕ್ಕಳ ಗದ್ದಲಕ್ಕೆ ಅವಳು ಬಹಳ ಹೆದರುತ್ತಿದ್ದಳು. ಅದೂ ಹೋಯಿತು. ಹೇಗೆ ಹೋಯಿತು ಎಂದು ನಾನು ಅಕ್ಕೋರನ್ನು ಕೇಳಿದೆ. ‘‘ಮೊದ್ಲು ಆ ಗದ್ಲ ಎಲ್ಲಿಂದ ಬರ್ತೈತಿ, ಯಾವಾಗ ಹೋಗ್ತೈತಿ ಆಕಿಗೆ ತಿಳೀತಿದ್ದಿಲ್ರಿ. ಈಗ ಆಕಿನ ಕರೀತಾಳ, ಆಕಿನ ಕಳಸ್ತಾಳ. ತನ್ನ ಕೈಯಾಗ ಇದ್ದಿದ್ದಕ್ಕ ಯಾರು ಅಂಜ್ತಾರ ಹೇಳ್ರಿ’’ ಎಂದರು. ಶಿಕ್ಷಣಾಧಿಕಾರಿಗಳೇ, ನಿಮ್ಮ ತರಬೇತಿಗಳಲ್ಲಿ ಇದಕ್ಕೆ ಏನು ಹೆಸರು ಇಟ್ಟಿದ್ದೀರೋ ನನಗೆ ಗೊತ್ತಿಲ್ಲ. ಮಗು ಎಲ್ಲಿ ಗಟ್ಟಿಯಾಗಿದೆಯೋ ಅಲ್ಲಿ ಕಾಲೂರಿ ನಿಲ್ಲಿಸು, ಉಳಿದದ್ದಕ್ಕೆ ಆಮೇಲೆ ಕೈ ಚಾಚಬಹುದು. ನಾನು ಅರ್ಥ ಮಾಡಿಕೊಂಡದ್ದು ಇಷ್ಟು.

ಕಡೆಯ ಗಂಟೆಗೆ ಮಕ್ಕಳೆಲ್ಲ ‘ಸಾಲಿ ಬಿಡ್ತು’ ಎಂದು ಕೂಗುತ್ತ ಹೊರಗೆ ಓಡುತ್ತಾರಲ್ಲ, ಒಂದು ಸಂಜೆ ನೀಲವ್ವನೂ ಅಂದಳು. ಅದೇ ಅವಳ ಮೊದಲ ಮಾತು. ಮಲ್ಲಯ್ಯನ ಗಂಟೆಯ ನೀರಿನಿಂದ ಬಾರದ ಮಾತು ಈ ತುಕ್ಕು ಹಿಡಿದ ಹಳಿಯಿಂದ ಬಂತು. ಅಂದಿನಿಂದ ದಿನವೂ ಗಂಟೆ ಬಾರಿಸಿ, ಸದ್ದು ಪೂರ್ತಿ ಅಡಗುವವರೆಗೆ ಕೆನ್ನೆ ಕೊಟ್ಟು ನಿಂತು, ‘ಸಾಲಿ ಬಿಡ್ತು’ ಎಂದು ಹೇಳಿ, ಸರಳನ್ನು ಗದ್ದೆಪ್ಪನ ಕೈಗೆ ಕೊಟ್ಟು ಮನೆಗೆ ಬರುತ್ತಾಳೆ. ಈ ಕ್ರಮದಲ್ಲಿ ಒಂದು ತಪ್ಪಿದರೂ ಹೆಜ್ಜೆ ಕಿತ್ತಿಡುವುದಿಲ್ಲ. ಮುಂದೆ ಬೇರೆ ಮಾತುಗಳೂ ಬಂದವು. ನೀರು ಬೇಕು, ಅಕ್ಕೋರು, ಅಪ್ಪ. ಅವ್ವ ಎಂಬುದು ಇನ್ನೂ ಬಂದಿಲ್ಲ. ಬರುತ್ತದೆ, ಅವಸರ ಮಾಡಬೇಡಿ ಎಂದು ಅಕ್ಕೋರು ಹೇಳುತ್ತಲೇ ಇದ್ದರು. ನಾನು ಅವಸರ ಮಾಡಿಲ್ಲ.

ಹೋದ ವರ್ಷ ನಮ್ಮ ಅತ್ತೆ ಲಿಂಗೈಕ್ಯರಾದರು. ಮನೆ ತುಂಬ ಜನ, ಅಳು, ಭಜನೆ. ನೀಲವ್ವ ಕಿವಿ ಮುಚ್ಚಿಕೊಳ್ಳಲಿಲ್ಲ, ಹಣೆ ಜಜ್ಜಿಕೊಳ್ಳಲಿಲ್ಲ. ಗೋಡೆಯ ಗಡಿಯಾರ ನೋಡುತ್ತ, ಹೊತ್ತಿಗೆ ಸರಿಯಾಗಿ ಎದ್ದು ಶಾಲೆಗೆ ಹೋಗಿ, ಗಂಟೆ ಬಾರಿಸಿ ಬಂದಳು. ಮೊಮ್ಮಗಳಿಗೆ ಕರುಳೇ ಇಲ್ಲ ಎಂದು ಯಾರೋ ಅಂದರು. ನಾನು ಮಾತ್ರ ಆ ದಿನ ನನ್ನ ಮಗಳನ್ನು ನೋಡಿ, ನಾನು ಸತ್ತ ದಿನವೂ ಈಕೆಗೆ ಹೋಗಲು ಒಂದು ಜಾಗ ಇರುತ್ತದಲ್ಲ ಎಂದು ನೆಮ್ಮದಿ ಪಟ್ಟೆ. ಇಂಥ ಮಕ್ಕಳ ತಾಯಂದಿರು ಬಯಸುವುದು ಏನು ಎಂದು ನಿಮಗೆ ಗೊತ್ತೇ? ನಮಗಿಂತ ಒಂದು ದಿನ ಮೊದಲು ಮಗು ಹೋಗಲಿ ಎಂದು ಬಯಸುತ್ತೇವೆ. ಬಾಯಿಬಿಟ್ಟು ಹೇಳುವುದಿಲ್ಲ. ಅಂದು ಮೊದಲ ಸಲ ನಾನು ಆ ಬಯಕೆಯನ್ನು ಬಿಟ್ಟುಕೊಟ್ಟಿದ್ದೆ.

ಹಾಗಿರುವಾಗ ಗಂಜ್‌ನಲ್ಲಿ ಒಂದು ಮಾತು ಹುಟ್ಟಿತು. ಯಾರು ಹುಟ್ಟಿಸಿದರೋ ಗೊತ್ತಿಲ್ಲ, ಮಾತಿಗೇನು, ತಂದೆ ತಾಯಿ ಬೇಕೇ? ‘‘ಸಾವ್ಕಾರ್ರ ಮಗಳು ಸಾಲ್ಯಾಗ ಸಿಪಾಯಿ ಆಗ್ಯಾಳಂತಲ್ಲ. ಗದ್ದೆಪ್ಪನ ಪಗಾರದಾಗ ಆಕಿಗೂ ಪಾಲು ಐತೇನು?’’ ನಾಲ್ಕು ಜನ ನಕ್ಕರು. ನಮ್ಮ ಯಜಮಾನರು ನಕ್ಕಂತೆ ಮಾಡಿ ಅಂಗಡಿ ಮುಚ್ಚಿಕೊಂಡು ಮನೆಗೆ ಬಂದರು. ಆ ದಿನ ಊಟಕ್ಕೆ ಕುಳಿತಾಗ ಮಗಳ ಕೈ ಹಿಡಿದು ಅಂಗೈ ತಿರುಗಿಸಿ ನೋಡಿದರು. ಸರಳು ಹಿಡಿದು ಹಿಡಿದು ಅಲ್ಲಿ ಬೊಕ್ಕೆಗಳು ಎದ್ದಿದ್ದವು. ಆ ಮನುಷ್ಯನ ಕಣ್ಣಲ್ಲಿ ನೀರು ಬಂತು. ‘‘ನನ್ನ ಮಗಳ ಕೈ ನೋಡು. ಕಬ್ಬಿಣ ಬಡಿಯೋ ಕೈ ಏನು ಇದು?’’ ಎಂದರು. ನಾನು, ‘‘ಅದು ಆಕಿಗೆ ಖುಷಿ ಐತ್ರಿ’’ ಎಂದೆ. ಅವರು ತಟ್ಟೆ ಸರಿಸಿ ಎದ್ದರು.

ಅಕ್ಕೋರ ಬಡ್ತಿಯ ಸುದ್ದಿ ಬಂತು, ಬೀಳ್ಕೊಡುವ ಸಮಾರಂಭ ಮಾಡೋಣ ಎಂದರು, ಶಾಲೆಗೆ ಏನಾದರೂ ನೆನಪಿನ ಕಾಣಿಕೆ ಕೊಡಿ ಎಂದರು. ನಮ್ಮ ಯಜಮಾನರು ಕರೆಂಟಿನ ಗಂಟೆ ಕೊಡುತ್ತೇನೆ ಎಂದರು. ಮನೆಯಲ್ಲಿ ಹೇಳಲಿಲ್ಲ. ನಮಗೆ ಖುಷಿಯಾಗಲಿ ಎಂದು ಗುಟ್ಟಾಗಿಟ್ಟರಂತೆ. ನಿನ್ನೆ ಶಾಲೆಯ ಗೋಡೆಗೆ ವೈರು ಎಳೆಯುವುದನ್ನು ಕಂಡಾಗಲೇ ನನಗೆ ಗೊತ್ತಾದದ್ದು. ನೀವೆಲ್ಲ ಎಂಥ ಉದಾರಿ ಎಂದು ಚಪ್ಪಾಳೆ ತಟ್ಟಿದಿರಿ. ನಿಮ್ಮದು ತಪ್ಪಲ್ಲ. ಅವರದೂ ತಪ್ಪು ಎನ್ನಲು ನನ್ನ ನಾಲಿಗೆ ಏಳುವುದಿಲ್ಲ. ಮಗಳ ಕೈಯಿಂದ ಜವಾನನ ಕೆಲಸ ತಪ್ಪಿಸಿದೆ, ಮನೆತನದ ಇಜ್ಜತ್ತನ್ನೂ ಉಳಿಸಿದೆ, ಅಕ್ಕೋರಿಗೂ ಗೌರವ ತೋರಿಸಿದೆ ಎಂದು ಆ ತಂದೆ ತಿಳಿದುಕೊಂಡಿದ್ದಾರೆ. ಮಗಳನ್ನು ಹೆಗಲ ಮೇಲೆ ಹೊತ್ತು ಮಲ್ಲಯ್ಯನ ಗುಡ್ಡ ಹತ್ತಿಸಿದ ಅದೇ ಪ್ರೀತಿ ಇದನ್ನೂ ಮಾಡಿದೆ. ಪ್ರೀತಿ ಇಲ್ಲದವರು ಹೀಗೆ ಮಾಡಿದ್ದರೆ ನಾನು ಚೆನ್ನಾಗಿ ಜಗಳ ಆಡುತ್ತಿದ್ದೆ.

ನಿನ್ನೆ ಸಂಜೆ ಪರೀಕ್ಷೆಗೆಂದು ಆ ಗಂಟೆಯನ್ನು ಒಂದು ಸಲ ಬಾರಿಸಿದರು. ಹಳಿಯ ಸದ್ದು ಏಳುತ್ತದೆ, ಹಾಡುತ್ತದೆ, ಮೆಲ್ಲಗೆ ಇಳಿದು ಅಡಗುತ್ತದೆ. ಇದು ಕಿರ್ರೆಂದು ಶುರುವಾಗಿ ಕಿರ್ರೆಂದೇ ನಿಲ್ಲುತ್ತದೆ. ನಿಮಗೆ ಅದು ಒಂದು ಸದ್ದು. ನನ್ನ ಮಗಳು ಮುಂಗೈಯನ್ನು ರಕ್ತ ಬರುವಂತೆ ಕಚ್ಚಿಕೊಂಡು ಓಡಿಹೋಗಿ ಬೇವಿನ ಗಿಡದ ಹಳಿಯನ್ನು ತಬ್ಬಿಕೊಂಡಳು. ಬಿಡಿಸಲು ಅಕ್ಕೋರೇ ಬರಬೇಕಾಯಿತು.

ನಾನು ಹೆಡ್‌ಮಾಸ್ತರ ಕಾಲು ಹಿಡಿಯುವುದೊಂದು ಬಾಕಿ. ‘‘ಹಳೇ ಗಂಟಿ ಇರ್ಲಿ ಸರ್, ಕರೆಂಟ್ ಹೋದ್ರ ಬೇಕಾಗ್ತೈತಿ’’ ಎಂದೆ. ನಮ್ಮೂರಿನ ಕರೆಂಟಿನ ಸುಖ ಗೊತ್ತಿದ್ದವರು ಒಪ್ಪುತ್ತಾರೆ ಎಂದು ಎಣಿಸಿದ್ದೆ. ‘‘ಕರೆಂಟ್ ಹೋದ್ರ ಗದ್ದೆಪ್ಪ ಸೀಟಿ ಊದ್ತಾನ ಬಿಡ್ರಿ. ಎರಡೆರಡು ಗಂಟಿ ಇದ್ರ ಸಾಲಿಗೆ ಶಿಸ್ತು ಇರಂಗಿಲ್ಲ. ದಾನಿಗಳಿಗೂ ಬರೋಬರಿ ಕಾಣಂಗಿಲ್ಲ. ನಿಮ್ಮ ಹುಡುಗಿ ಹೊಂದ್ಕೊಂತಾಳ’’ ಎಂದರು. ಯಜಮಾನರಿಗೂ ಹೇಳಿದೆ. ‘‘ಪತ್ರಿಕಾ ಅಚ್ಚಾಗ್ಯಾವ, ಸಾಹೇಬ್ರಿಗೆ ಹೇಳೀನಿ. ಈಗ ಬ್ಯಾಡ ಅಂದ್ರ ಮಂದಿ ಏನಂದಾರು?’’ ಎಂದರು. ಮಂದಿ! ಮಂದಿ ಇವತ್ತು ಇಲ್ಲಿ ಕುಳಿತಿದ್ದಾರೆ. ಏನನ್ನುತ್ತೀರಿ, ಹೇಳಿ ನೋಡೋಣ.

ಅಕ್ಕೋರೇ, ನೀವು ತಲೆ ಎತ್ತಿ ನನ್ನನ್ನು ನೋಡುತ್ತಿಲ್ಲ. ನಿನ್ನೆ ನೀವು ನನ್ನ ಕೈ ಹಿಡಿದು ಹೇಳಿದಿರಿ: ‘‘ಅಮ್ಮಾರ, ನಾ ಹೋದ್ರೂ ಗಂಟಿ ಇರ್ತೈತಿ ಅಂತ ಧೈರ್ಯ ಮಾಡಿದ್ದೆ. ನನಗಿಂತ ಅದಾ ಆಕಿಗೆ ಅಕ್ಕೋರು.’’ ನಿಮ್ಮ ಬಡ್ತಿಗೆ ನಾನು ಸಂ‌ತೋಷಪಡಬೇಕು. ಭಾಷಣದಲ್ಲಿ ಅದನ್ನು ಹೇಳಲೆಂದೇ ನನ್ನನ್ನು ಕರೆದಿದ್ದಾರೆ. ಹೇಳುತ್ತೇನೆ: ನನಗೆ ಸಂತೋಷವಾಗಿಲ್ಲ. ನಿಮ್ಮ ಜಾಗಕ್ಕೆ ಯಾರು ಬರುತ್ತಾರೋ ಗೊತ್ತಿಲ್ಲ. ಬಂದವರು ನೀಲವ್ವನನ್ನು ಎಲ್ಲಿ ಕೂಡಿಸುತ್ತಾರೆ? ಸಣ್ಣ ಮಕ್ಕಳ ನಡುವೆ ಇಷ್ಟು ದೊಡ್ಡ ಹುಡುಗಿ ಏಕೆ ಎಂದು ಮೊದಲ ದಿನವೇ ಕೇಳುತ್ತಾರೆ. ಗಂಟೆಯಿದ್ದರೆ, ಗಂಟೆ ಬಾರಿಸುವವಳು ಎನ್ನಬಹುದಿತ್ತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುವುದನ್ನು ನಾನು ಎಷ್ಟೋ ಭಾಷಣಗಳಲ್ಲಿ ಬಳಸಿ ಬಹುಮಾನ ಪಡೆದಿದ್ದೇನೆ. ಅದರ ಅರ್ಥ ಈಗ ತಿಳಿಯಿತು.

ಇಂದು ಮಧ್ಯಾಹ್ನ ಮಗಳಿಗೆ ಲಂಗ ಉಡಿಸಲು ಮನೆಗೆ ಕರೆದುಕೊಂಡು ಹೋದೆ. ಆ ಹೊತ್ತಿನಲ್ಲಿ ಹಳಿಯನ್ನು ಇಳಿಸಿದ್ದಾರೆ. ಗುಜರಿಯವನ ಗಾಡಿಯ ಮೇಲೆ ಅದು ಹೋಗುವುದನ್ನು ಓಣಿಯ ತಿರುವಿನಲ್ಲಿ ನಾನು ಕಂಡೆ. ಮಗಳ ಮುಖವನ್ನು ಸೆರಗಿಗೆ ಒತ್ತಿಕೊಂಡು ಶಾಲೆಯ ಹಿಂದಿನ ಗೇಟಿನಿಂದ ಒಳಗೆ ಕರೆತಂದೆ. ಬೇವಿನ ಗಿಡ ಅವಳ ಕಣ್ಣಿಗೆ ಬಿದ್ದಿಲ್ಲ. ಮನೆಯಲ್ಲಿಯೇ ಬಿಟ್ಟು ಬರಬಹುದಿತ್ತಲ್ಲ ಎಂದು ನೀವು ಕೇಳಬಹುದು. ಐದು ಗಂಟೆಗೆ ಅವಳನ್ನು ಹಿಡಿದು ನಿಲ್ಲಿಸುವ ಬಾಗಿಲು ನಮ್ಮ ಮನೆಯಲ್ಲಿಲ್ಲ. ಆ ಹಳೆಯ ಚಿಲಕವನ್ನು ನಾನು ಮತ್ತೆ ಹಾಕಲಾರೆ.

ಅಗೋ, ಎದ್ದಳು.

ಯಾರೂ ಅವಳನ್ನು ತಡೆಯಬೇಡಿ. ಗದ್ದೆಪ್ಪ, ಕೈ ಬಿಡು, ಹೋಗಲಿ. ಗಡಿಯಾರದಲ್ಲಿ ಐದಕ್ಕೆ ಸ್ವಲ್ಪವೇ ಬಾಕಿಯಿದೆ, ಅವಳು ಯಾವಾಗಲೂ ಈ ಹೊತ್ತಿಗೇ ಏಳುತ್ತಾಳೆ. ಸರಳು ಅವಳ ಕೈಯಲ್ಲಿದೆ. ನಾನು ನಿಂತಿರುವ ಜಾಗದಿಂದ ಬಾಗಿಲಾಚೆ ಬೇವಿನ ಗಿಡ ಕಾಣುತ್ತದೆ.

ಹೋದಳು. ನಿಂತಳು. ಮೇಲೆ ನೋಡುತ್ತಿದ್ದಾಳೆ. ತಂತಿ ಮಾತ್ರ ಇದೆ. ಗಿಡದ ಸುತ್ತ ಒಂದು ಸಲ ತಿರುಗಿದಳು, ಹಿಂದೆ ಇರಬಹುದು ಎಂದು. ಮತ್ತೆ ಅದೇ ಜಾಗಕ್ಕೆ ಬಂದು ಸರಳು ಎತ್ತಿ ಹಿಡಿದುಕೊಂಡು ನಿಂತಿದ್ದಾಳೆ. ಅವಳು ಅಳುವುದಿಲ್ಲ. ಅಳುವುದನ್ನು ಅವಳು ಕಲಿತಿಲ್ಲ. ಬಾರಿಸದೆ ಶಾಲೆ ಬಿಡುವುದಿಲ್ಲ, ಶಾಲೆ ಬಿಡದೆ ಮನೆಗೆ ಬರುವುದಿಲ್ಲ. ಇವತ್ತು ಬರುವುದಿಲ್ಲ, ನಾಳೆಯೂ ಬರುವುದಿಲ್ಲ. ಎಳೆದುಕೊಂಡು ಹೋಗಬಹುದು, ಹೋಗುತ್ತೇವೆ. ಎಳೆದುಕೊಂಡು ಹೋದದ್ದು ನೀಲವ್ವನಾಗಿರುವುದಿಲ್ಲ. ಚಿಲಕದ ಒಳಗಿದ್ದ ಆ ಕೂಸು ಮತ್ತೆ ನಮ್ಮ ಮನೆಗೆ ಬರುತ್ತದೆ ಅಷ್ಟೇ.

ಶಿಕ್ಷಣಾಧಿಕಾರಿಗಳೇ, ನಿಮ್ಮ ಕೈ ಸ್ವಿಚ್ಚಿನ ಹತ್ತಿರ ಬಂದಿದೆ. ಕೈ ತೆಗೆಯಿರಿ ಎನ್ನುವ ಅಧಿಕಾರ ನನಗಿಲ್ಲ. ಗಂಟೆಯ ತಟ್ಟೆಯನ್ನು ಹೊರಗಿನ ಗೋಡೆಗೆ, ಬೇವಿನ ಗಿಡದ ನೇರಕ್ಕೇ ಕೂಡಿಸಿದ್ದಾರೆ. ಅವಳು ಅದರ ಕೆಳಗೆ ನಿಂತಿದ್ದಾಳೆ. ಒಂದೇ ಒಂದು ಕ್ಷಣ ತಾಳಿ.

ಸಭೆಯಲ್ಲಿರುವ ಹಿರಿಯರು ಕ್ಷಮಿಸಬೇಕು. ಇಂದು ಒಡಪಿಲ್ಲ, ಸಕ್ಕರೆಯಿಲ್ಲ. ಬಸವಂತರಾಯರೇ, ನಿಮ್ಮನ್ನೇ ಕರೆಯುತ್ತಿದ್ದೇನೆ. ತಲೆ ಎತ್ತಿ. ಕಿವಿಯನ್ನು ಅವಳು ನನ್ನ ಕೈಯಿಂದ ಮುಟ್ಟಿಸಿಕೊಳ್ಳುವುದಿಲ್ಲ, ಅಪ್ಪನ ಕೈಯಿಂದ ಮುಟ್ಟಿಸಿಕೊಳ್ಳುತ್ತಾಳೆ. ಎದ್ದು ಹೊರಗೆ ಹೋಗಿ. ಹಳಿ ಎಲ್ಲಿ ಎಂದು ಅವಳು ಕೇಳುವುದಿಲ್ಲ, ಅದಕ್ಕೆ ಬೇಕಾದಷ್ಟು ಮಾತು ಅವಳ ಹತ್ತಿರ ಇಲ್ಲ. ನೀವು ಏನೂ ಹೇಳಬೇಕಾಗಿಲ್ಲ. ಹಿಂದೆ ನಿಂತು ಅವಳ ಎರಡೂ ಕಿವಿಗಳನ್ನು ನಿಮ್ಮ ಅಂಗೈಯಿಂದ ಗಟ್ಟಿಯಾಗಿ ಮುಚ್ಚಿ. ನೀವು ಕೊಟ್ಟ ಗಂಟೆ ಕಿರ್ರೆನ್ನುತ್ತದೆ. ಅದು ನಿಂತ ಮೇಲೂ ಕೈ ತೆಗೆಯಬೇಡಿ.

ಮಾತಾಡಲು ಅವಕಾಶ ಕೊಟ್ಟವರಿಗೆ, ತಾಳ್ಮೆಯಿಂದ ಕೇಳಿದವರಿಗೆ, ನನ್ನ ಮಗಳಿಗೆ ಏನೆಂದರೆ ಖುಷಿ ಎಂದು ಒಂದು ದಿನ ಕೇಳಿದ ಅಕ್ಕೋರಿಗೆ ಗುರುಲಿಂಗಮ್ಮನ ವಂದನೆಗಳು. ಐದಾಯಿತು ಸಾಹೇಬರೇ, ಬಾರಿಸಿ. ನಮಸ್ಕಾರ.